ಹತ್ತು ಎಣಿಸುವ ಕೆಲಸ

ಹೋದ ತಿಂಗಳು ಹಳೆಯ ಸ್ವೆಟರುಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಮಡಚುತ್ತಿದ್ದೆ. ಕಂದು ಬಣ್ಣದ್ದರ ಜೇಬಿನಲ್ಲಿ ಏನೋ ಬೆರಳಿಗೆ ಅಂಟಿಕೊಂಡಿತು. ತೆಗೆದು ನೋಡಿದರೆ ಸ್ಕೂಲಿನ ವಿಸಿಟರ್ ಸ್ಟಿಕ್ಕರು. ಇಲ್ಲಿಯ ಸ್ಕೂಲಿಗೆ ಹೋದರೆ ಆಫೀಸಿನಲ್ಲಿ ನಮ್ಮ ಫೋಟೋ ತೆಗೆದು, ಅಂಗೈಯಗಲದ ಚೀಟಿಯ ಮೇಲೆ ಅಚ್ಚುಹಾಕಿ, ಎದೆಗೆ ಅಂಟಿಸಿಕೊಳ್ಳಿ ಎಂದು ಕೊಡುತ್ತಾರಲ್ಲ, ಅದು. ಬಣ್ಣ ಮಾಸಿ ಕಣ್ಣು ಮೂಗು ಎಲ್ಲ ಹೋಗಿವೆ. ಬಾಯಿ ಮಾತ್ರ ಉಳಿದಿದೆ, ಅದೂ ತೆರೆದ ಬಾಯಿ. ಆಫೀಸಿನ ಹೆಂಗಸಿಗೆ ಆಗ ಏನೋ ಹೇಳುತ್ತಿದ್ದೆ ಅಂತ ಕಾಣುತ್ತದೆ. ನಾನು ಯಾವಾಗಲೂ ಯಾರಿಗಾದರೂ ಏನಾದರೂ ಹೇಳುತ್ತಲೇ ಇರುತ್ತೇನೆ.

ಇದನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಕಲಿತು ಎರಡು ತಿಂಗಳಾಯಿತು. ಒಂದೇ ಬೆರಳು. ಮೊಮ್ಮಗಳು ಇಶಾ, "ಅಜ್ಜಿ, ಯೂಸ್ ಬೋತ್ ಥಂಬ್ಸ್" ಅನ್ನುತ್ತಾಳೆ. ಹೆಬ್ಬೆಟ್ಟು ಒತ್ತುವುದು ಓದು ಬಾರದವರ ಕೆಲಸ ಕಣೇ ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳುವಷ್ಟು ಒಳ್ಳೆಯ ಜೋಕೂ ಅದಲ್ಲ. ಒಂದು ಬೆರಳಿನಿಂದ ಒಂದು ಲಾಭವಿದೆ. ಒಂದು ಮಾತು ಪೂರ್ತಿ ಆಗುವಷ್ಟರಲ್ಲಿ, ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಲು ಸಮಯ ಸಿಗುತ್ತದೆ. ನನ್ನ ಬಾಯಿಗೆ ಅಂಥ ಸೌಕರ್ಯ ಎಂದೂ ಇರಲಿಲ್ಲ.

ನಮ್ಮ ಮನೆ ಸೀಡರ್ ಪಾರ್ಕ್ ಎಂಬ ಊರಿನಲ್ಲಿ. ಇಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯಬೇಕು. ಆದರೆ ಇಶಾಳ ಸ್ಕೂಲು ಮಾತ್ರ ಎರಡು ರಸ್ತೆ ದಾಟಿದರೆ ಸಿಗುತ್ತಿತ್ತು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಿಂದ ಒಂದು ಚೀಟಿ ಬಂತು. ಮಕ್ಕಳು ಓದುವುದನ್ನು ಕೇಳಿಸಿಕೊಳ್ಳಲು ಮಂಗಳವಾರ ಬೆಳಿಗ್ಗೆ ಅಜ್ಜಿ ತಾತಂದಿರು ಬೇಕಾಗಿದ್ದಾರೆ ಎಂದು. ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೆಂಟು ಅಂಕ ತಗೊಂಡ ಇಂಗ್ಲಿಷು. ಅದನ್ನೇ ಮಗಳಿಗೆ ಹೇಳಿದೆ. "ಓದೋದು ಅವರು ಕಣಮ್ಮ, ನೀನು ಕೇಳಿಸ್ಕೋಬೇಕು. ಅದೇ ನಿಂಗೆ ಕಷ್ಟ" ಅಂದಳು. ಆ ಒಂದು ಮಾತಿಗೆ ಹಠ ಹಿಡಿದು ಹೆಸರು ಕೊಟ್ಟೆ.

ಸೀರೆ, ಸ್ವೆಟರು, ಕೆಳಗೆ ಓಡುವವರ ಬೂಟು. ಇಶಾ ಕಾರಿಡಾರಿನಲ್ಲಿ ನನ್ನಿಂದ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಲೈಬ್ರರಿಯ ಟೀಚರ್ ಮಿಸ್ ಕರೋಲ್ ನಮ್ಮನ್ನೆಲ್ಲ ಮಕ್ಕಳ ಕುರ್ಚಿಗಳಲ್ಲೇ ಕೂರಿಸಿ ನಿಯಮ ಹೇಳಿಕೊಟ್ಟಳು. ತಿದ್ದಬೇಡಿ. ಅವಸರ ಮಾಡಬೇಡಿ. ಮಗು ಒಂದು ಪದದ ಮುಂದೆ ನಿಂತರೆ ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಮಾತ್ರ ಸಹಾಯ ಮಾಡಿ. ಮತ್ತೆ, ಈ ಮೂಲೆಯಲ್ಲಿ ಕೇಳಿದ್ದು ಈ ಮೂಲೆಯಲ್ಲೇ ಇರಲಿ. ಅದಕ್ಕೆಂದು ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡಳು. ನಾನು ಕನ್ನಡದಲ್ಲಿ ಹಾಕಿದೆ. ಎಷ್ಟು ಚೆನ್ನಾಗಿದೆ ನಿಮ್ಮ ಅಕ್ಷರ ಅಂದಳು. ನನಗೆ ಅದೊಂದು ನೆನಪುಳಿಯಿತು, ಯಾತಕ್ಕೆ ರುಜು ಹಾಕಿದೆ ಅನ್ನುವುದು ಉಳಿಯಲಿಲ್ಲ.

ನನ್ನ ಪಾಲಿಗೆ ಬಂದ ಹುಡುಗಿ ಮೂರನೇ ಕ್ಲಾಸಿನವಳು. ಅನು ಎನ್ನೋಣ, ಅವಳ ಹೆಸರು ಅದಲ್ಲ. ನಮ್ಮ ಕನ್ನಡದವರ ಮಗುವೇ. ಅವಳ ಅಜ್ಜಿ ಧಾರವಾಡದ ಗಂಗಕ್ಕನನ್ನು ಹಬ್ಬದ ಊಟಗಳಲ್ಲಿ ನೋಡಿ ಗೊತ್ತಿತ್ತು. ಮೊದಲ ದಿನ ಪುಸ್ತಕ ತೆರೆದಾಗಲೇ ಹುಡುಗಿಯ ಕಿವಿ ಕೆಂಪಾದವು. ಒಂದು ಕಪ್ಪೆಯ ಕಥೆ. ಮೊದಲ ಸಾಲಿನಲ್ಲೇ ನಿಂತಳು. ನಾನು ಒಂದು, ಎರಡು, ಮೂರು ಎಂದು ಎಣಿಸತೊಡಗಿದೆ. ಅವಳು ಪುಸ್ತಕ ಬಿಟ್ಟು ನನ್ನ ತುಟಿ ನೋಡಿ, "ಆರ್ ಯೂ ಕೌಂಟಿಂಗ್ ಇನ್ ಕನ್ನಡ?" ಅಂದಳು. ಹೌದು, ನಿಮ್ಮ ಹತ್ತಕ್ಕಿಂತ ನಮ್ಮ ಹತ್ತು ಉದ್ದ, ನಿಂಗೇ ಲಾಭ ಅಂದೆ. ನಕ್ಕಳು. ಆಮೇಲೆ ಆ ಪದವೂ ಬಂತು.

ಇಬ್ಬರೂ ಜೊತೆಯಾದೆವು. ನನಗೆ ಅರ್ಥವಾಗದ ಪದ ಬಂದರೆ ಕೇಳುತ್ತಿದ್ದೆ. ಬಿಲ ಎಂಬುದಕ್ಕೆ ಏನೋ ಒಂದು ಪದವಿತ್ತು, ಅವಳು ಮೇಜಿನ ಕೆಳಗೆ ನುಗ್ಗಿ ತೋರಿಸಿದಳು. ತನಗಿಂತ ಕಡಿಮೆ ಬರುವ ದೊಡ್ಡವರನ್ನು ಆ ಹುಡುಗಿ ಅಲ್ಲಿಯವರೆಗೆ ಕಂಡಿರಲಿಲ್ಲ ಅನ್ನಿಸುತ್ತದೆ. ಟೀಚರ್ ಮುಂದೆ ಬಾಯಿಯೊಳಗೇ ಗುನುಗುತ್ತಿದ್ದವಳು ನನ್ನ ಮುಂದೆ ಜೋರಾಗಿ ಓದತೊಡಗಿದಳು. ಜನವರಿಯಲ್ಲಿ ಒಂದು ಮಂಗಳವಾರ ಮೂರು ಪುಟ ನಿಲ್ಲದೆ ಓದಿದಳು. ಅವತ್ತು ಮಿಸ್ ಕರೋಲ್ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. ಅನು ಇಡೀ ಕ್ಲಾಸಿನ ಮುಂದೆ ಒಂದು ಪುಟ ಓದುತ್ತಾಳಂತೆ, ಅವಳೇ ಕೇಳಿದ್ದಂತೆ, ಆದರೆ ಒಂದು ಷರತ್ತು, ಪಕ್ಕದಲ್ಲಿ ಈ ಅಜ್ಜಿ ಕೂತಿರಬೇಕಂತೆ. ಮುಂದಿನ ಮಂಗಳವಾರಕ್ಕೆ ನಿಗದಿಯಾಯಿತು. ನಾನು ಮನೆಗೆ ಬಂದು ರೇಷ್ಮೆ ಸೀರೆ ಗಾಳಿಗೆ ಹಾಕಿದೆ.

ನಡುವೆ ಭಾನುವಾರ ಬಂತು. ಸಂಕ್ರಾಂತಿಯ ಎಳ್ಳು ಬೀರುವುದಕ್ಕೆ ಪಕ್ಕದ ಊರು ರೌಂಡ್ ರಾಕಿನ ಒಬ್ಬರ ಮನೆಗೆ ಕರೆದಿದ್ದರು. ಮಕ್ಕಳೆಲ್ಲ ಮಹಡಿಯ ಮೇಲೆ, ನಾವೆಲ್ಲ ಅಡುಗೆಮನೆಯ ಸುತ್ತ. ಗಂಗಕ್ಕ ಮೊಮ್ಮಗಳ ಪುರಾಣ ತೆಗೆದಳು. "ನಮ್ಮಾಕಿ ಮೂರನೇ ಕ್ಲಾಸು, ಓದೂದು ಐದನೇ ಕ್ಲಾಸಿನ ಪುಸ್ತಕರಿ" ಅಂದಳು. ನಾನು ಎಳ್ಳು ಜಗಿಯುತ್ತಲೇ ಇದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಿಲ್ಲುತ್ತಿದ್ದೆನೇನೋ. ಅವಳು ನನ್ನ ಕಡೆ ತಿರುಗಿ, "ನಿಮ್ಮ ಮೊಮ್ಮಗಳು ಇನ್ನೂ ಚಿತ್ರದ ಪುಸ್ತಕಾನ ಓದ್ತಾಳೇನ್ರಿ?" ಅಂದಳು.

"ಹೌದು ಗಂಗಕ್ಕ, ನಮ್ಮವಳದು ಚಿತ್ರದ ಪುಸ್ತಕಾನೇ" ಅಂದೆ. "ನಿಮ್ಮವಳು ಮಾತ್ರ ಎರಡು ತಿಂಗಳಿಂದ ನನ್ನ ಮುಂದೆ ಕೂತ್ಕೊಂಡು ಒಂದು ಕಪ್ಪೇನ ಕೊಳದಿಂದ ಆಚೆ ತರಕ್ಕೆ ಒದ್ದಾಡ್ತಾ ಇದಾಳೆ."

ಎಲ್ಲರೂ ನಕ್ಕರು. ನನ್ನ ಜೋಕಿಗೆ ಜನ ನಗುವುದು ಹೊಸದಲ್ಲ, ಆದರೂ ಪ್ರತಿ ಸಲ ಹೊಸದಾಗಿ ಖುಷಿಯಾಗುತ್ತದೆ. ಆ ಖುಷಿಯಲ್ಲಿ ಸುತ್ತ ನೋಡಿದರೆ, ಅನುವಿನ ತಾಯಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ಗಂಗಕ್ಕ ಸೊಸೆಯನ್ನು ನೋಡಿ, "ಏನಂತಾರ ಇವರು?" ಅಂದಳು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಹೇಳಿಕೊಂಡು ಬೀರುವ ಹಬ್ಬ ಅದು. ನನ್ನ ಬಾಯಿಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ.

ಮರುದಿನ ಆ ತಾಯಿ ಫೋನ್ ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿ ಮುಗಿಸುತ್ತಿದ್ದೆ. "ಆಂಟಿ, ಅವಳು ಅಲ್ಲಿಗೆ ಹೋಗ್ತಿರೋದು ನಂಗೆ ಗೊತ್ತಿತ್ತು, ನಾನೇ ಸೈನ್ ಮಾಡಿದ್ದು. ಮನೇಲಿ ಅತ್ತೆಗೆ ಹೇಳಿರ್ಲಿಲ್ಲ ಅಷ್ಟೇ. ನಿಮ್ಮ ಹತ್ರ ಕೂತ್ಕೋತಾಳೆ ಅಂತ ಗೊತ್ತಾದಾಗ ಸಮಾಧಾನ ಆಗಿತ್ತು, ನಮ್ಮೋರು ಅಂತ." ಕೊನೆಗೆ, "ಇನ್ಮೇಲೆ ಟ್ಯೂಷನ್‌ಗೆ ಹಾಕ್ತೀವಿ" ಅಂದಳು.

ಮಂಗಳವಾರ ರೇಷ್ಮೆ ಸೀರೆ ಉಟ್ಟೇ ಹೋದೆ, ಏನೂ ಆಗಿಲ್ಲ ಎಂಬಂತೆ. ಆ ಚಿಕ್ಕ ಕುರ್ಚಿ ಖಾಲಿಯಿತ್ತು. ಮನೆಯವರು ಮನೆಯಲ್ಲೇ ನೋಡಿಕೊಳ್ಳುತ್ತಾರಂತೆ, ಕ್ಲಾಸಿನ ಮುಂದೆ ಓದುವುದೂ ಬೇಡವಂತೆ, ಯಾಕೋ ಗೊತ್ತಿಲ್ಲ ಎಂದು ಮಿಸ್ ಕರೋಲ್ ಪೆಚ್ಚಾಗಿ ಹೇಳಿದಳು. ಯಾಕೆ ಎಂದು ಗೊತ್ತಿದ್ದವಳು ಅವಳ ಎದುರೇ ಕೂತಿದ್ದೆ. ನಾನು "ಓಕೆ" ಅಂದೆ. ಭಾನುವಾರ ಅಷ್ಟು ಚುರುಕಾಗಿದ್ದ ನಾಲಿಗೆ ಅವತ್ತು ಅದೊಂದೇ ಪದಕ್ಕೆ ಸುಸ್ತಾಯಿತು. ಎರಡು ವಾರ ಬಿಟ್ಟು ಮಂಡಿನೋವು ಎಂದು ಕಾರಣ ಹೇಳಿ ಹೋಗುವುದನ್ನೇ ನಿಲ್ಲಿಸಿದೆ. ಮಂಡಿ ಅಂದೂ ಚೆನ್ನಾಗಿತ್ತು, ಇಂದೂ ಚೆನ್ನಾಗಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಲ್ಲಿಸುವ ಮೊದಲು ಒಂದು ದಿನ ಕಾರಿಡಾರಿನಲ್ಲಿ ಮೂರನೇ ಕ್ಲಾಸಿನ ಮಕ್ಕಳು ಸಾಲಾಗಿ ಬರುತ್ತಿದ್ದರು. ಅನು ನನ್ನನ್ನು ನೋಡಿ ಕೈಯೆತ್ತಿದಳು. ನಾನು ಚೀಲದೊಳಗೆ ಕನ್ನಡಕ ಹುಡುಕತೊಡಗಿದೆ. ಕನ್ನಡಕ ಕಣ್ಣ ಮೇಲೇ ಇತ್ತು. ಸಾಲು ದಾಟಿ ಹೋಗುವವರೆಗೂ ಹುಡುಕಿದೆ. ಆ ಬೇಸಿಗೆಯಲ್ಲೇ ಅನುವಿನ ಮನೆಯವರು ಹ್ಯೂಸ್ಟನ್‌ಗೆ ಶಿಫ್ಟ್ ಆದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. ಅದು ಬೇರೆಯವರಿಗೆ ಮಾಡಿದ ಗಾದೆ ಎಂದುಕೊಂಡಿದ್ದೆ.

ಸ್ವೆಟರು ಮಡಚಿದ ಮುಂದಿನ ವಾರ ಗೃಹಪ್ರವೇಶವೊಂದಕ್ಕೆ ನಾವೂ ಹ್ಯೂಸ್ಟನ್‌ಗೆ ಹೋದೆವು. ಬಾಳೆಯೆಲೆ ತರಲು ಅಲ್ಲೇ ಹತ್ತಿರದ ಸ್ಟಾಫರ್ಡಿನ ಇಂಡಿಯನ್ ಅಂಗಡಿಗೆ ಹೋದರೆ, ತರಕಾರಿಯ ಹತ್ತಿರ ಗಂಗಕ್ಕ. ಬದನೆಕಾಯಿ ಒತ್ತಿ ನೋಡುತ್ತಿದ್ದವಳು ನನ್ನನ್ನು ಕಂಡು, "ಬಾಯಿ ಇನ್ನೂ ಹಂಗೇ ಅದ ಏನ್ರಿ?" ಅಂದಳು. ಇದೆ ಗಂಗಕ್ಕ, ಹಲ್ಲು ಮಾತ್ರ ಎರಡು ಕಮ್ಮಿ ಅಂದೆ. ನಕ್ಕಳು, ಪೂರ್ತಿ ಅಲ್ಲ. ಟ್ರಾಲಿ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಅನು. ನನಗಿಂತ ಎತ್ತರ.

ಅಂಗಡಿಯ ಮೂಲೆಯಲ್ಲಿ ಚಾಟ್ ಮಾರುವ ಕಡೆ ನಾಲ್ಕು ಮೇಜುಗಳಿದ್ದವು. ಗಂಗಕ್ಕ ತರಕಾರಿ ಮುಗಿಸುವಷ್ಟರಲ್ಲಿ ಅಲ್ಲಿ ಅನುವಿನ ಎದುರು ಕೂತು ಎಲ್ಲ ಹೇಳಿದೆ. ಎಳ್ಳು ಬೀರಿದ್ದು, ಜೋಕು, ಕನ್ನಡಕ. ಕನ್ನಡದಲ್ಲೇ ಹೇಳಿದೆ, ಅವಳಿಗೆ ಅರ್ಥವಾಗುತ್ತದೆ. ಅವಳು ಸ್ಟ್ರಾ ಮಡಚುತ್ತ, "ಐ ಥಾಟ್ ಐ ವಾಸ್ ಟೂ ಸ್ಲೋ ಫಾರ್ ಯೂ" ಅಂದಳು.

ಯಾರೂ ಆ ಮಗುವಿಗೆ ಏನನ್ನೂ ಹೇಳಿರಲಿಲ್ಲ. ಮನೆಯಲ್ಲಿ ನಾಚಿಕೆಗೆ, ಸ್ಕೂಲಿನಲ್ಲಿ ಗೊತ್ತಿಲ್ಲದೆ, ನಾನು ಹೆದರಿ. ತಾನು ನಿಧಾನ ಓದುತ್ತೇನೆಂದು ಅಜ್ಜಿಗೆ ಬೇಜಾರಾಯಿತು, ಅದಕ್ಕೇ ಮುಖ ತಿರುಗಿಸಿದರು ಎಂದು ಅವಳು ಇಷ್ಟು ವರ್ಷ ನಂಬಿಕೊಂಡಿದ್ದಳು. ಹಾಗಲ್ಲ ಕಂದ, ಹಾಗಲ್ಲ ಎಂದು ಎಷ್ಟು ಸಲ ಅಂದೆನೋ. "ಇಟ್ಸ್ ಓಕೆ, ಅಜ್ಜಿ" ಅಂದಳು. ನಾನು ಅಂದು ಮಿಸ್ ಕರೋಲ್‌ಗೆ ಹೇಳಿದ ಓಕೆಯಂತೆಯೇ ಕೇಳಿಸಿತು.

ಹೊರಡುವಾಗ ಅವಳ ನಂಬರು ಕೇಳಿದೆ, ಕೊಟ್ಟಳು. ಮನೆಗೆ ಬಂದು ಒಂದು ಬೆರಳಿನಲ್ಲಿ ಅರ್ಧ ಗಂಟೆ ಕುಟ್ಟಿ ಇಂಗ್ಲಿಷಿನಲ್ಲೇ ಕೇಳಿದೆ, ಇದನ್ನೆಲ್ಲ ಬರೆಯಬಹುದೇ ಎಂದು. ನನ್ನ ಜನ್ಮದಲ್ಲಿ ಒಂದು ಸುದ್ದಿ ಹೇಳುವ ಮೊದಲು ಅದರ ಒಡೆಯರನ್ನು ಕೇಳಿದ್ದು ಅದೇ ಮೊದಲು. ಎರಡು ದಿನ ಉತ್ತರವಿರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮೂರನೆಯ ದಿನ ಬಂತು. ಬರೆಯಿರಿ, ಹೆಸರು ಬದಲಾಯಿಸಿ, ನಾನು ಈಗ ಹೇಗೆ ಓದುತ್ತೇನೆ ಎಂಬುದನ್ನು ಮಾತ್ರ ಬರೆಯಬೇಡಿ ಎಂದಿತ್ತು. ಕೆಳಗೆ ಅದನ್ನೂ ನನಗೊಬ್ಬಳಿಗೆ ತಿಳಿಸಿದ್ದಳು.

ಈಗ ನೀವು ಕೇಳುತ್ತೀರಿ, ಹೇಗೆ ಓದುತ್ತಾಳೆ ಎಂದು. ಮಗಳೂ ಕೇಳಿದಳು, ಇಶಾಳೂ ಕೇಳಿದಳು. ನನಗೆ ಗೊತ್ತು. ಹೇಳುವುದಿಲ್ಲ.