ಹೊಸ ಸ್ವಿಚ್ಚು, ಹೆಂಡತಿಯ ಕೈ

ಗೆಳೆಯರೇ, ಇವತ್ತು ಹೆಬ್ಬಾಳದಲ್ಲಿ ನನ್ನ ಮಾನ ಹೋಯಿತು.

ಹೊಸ ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಾ ಹಳೆಯದನ್ನೇ ಓಡಿಸುತ್ತಿದ್ದೇನೆ. ಅದರ ಇಂಡಿಕೇಟರ್ ಸ್ವಿಚ್ಚು ಕೆಟ್ಟಾಗಿನಿಂದ, ತಿರುವು ಬಂದರೆ ಹಿಂದೆ ಕೂತ ಹೆಂಡತಿಯೇ ಕೈ ಚಾಚುತ್ತಿದ್ದಳು. ಬೆಳಿಗ್ಗೆ ಹೊಸ ಸ್ವಿಚ್ಚು ನಾನೇ ಹಾಕಿದೆ. ದೀಪಗಳು ಮಿನುಗಿದ್ದೇ ಸಾಕೆಂದು, ಯಾವ ಕಡೆಯದು ಯಾವಾಗ ಮಿನುಗುತ್ತದೆ ಅಂತ ನೋಡಲೇ ಇಲ್ಲ. "ಇನ್ಮೇಲೆ ನೀನು ಕೈ ತೋರಿಸ್ಬೇಡ, ನೋಡೋಕೆ ಚೆನ್ನಾಗಿರಲ್ಲ" ಅಂತ ಅಪ್ಪಣೆ ಬೇರೆ ಕೊಟ್ಟೆ.

ಹೆಬ್ಬಾಳದಲ್ಲಿ ಬಲಕ್ಕೆ ತಿರುಗಲು ಸ್ವಿಚ್ಚು ಒತ್ತಿದೆ. ವೈರು ಅದಲುಬದಲಾಗಿತ್ತು, ಎಡಗಡೆಯ ದೀಪ ಮಿನುಗಿತು. ಅದನ್ನು ನಂಬಿ ಬಲಗಡೆಯಿಂದ ಮುಂದೆ ಹೋಗಲು ಬಂದ ಸೊಪ್ಪಿನವನು ನನಗೆ ಬಡಿದು, ಸೈಕಲ್ಲು ಸೊಪ್ಪು ಸಮೇತ ರಸ್ತೆಗೆ ಬಿದ್ದ.

ಜನ ಸೇರಿದರು. ನಾನು ಹೆಂಡತಿಯ ಮೇಲೆ ರೇಗಿದೆ. "ನೀನಾದ್ರೂ ಕೈ ತೋರಿಸ್ಬಾರ್ದಿತ್ತಾ?"

"ಬೇಡ ಅಂದೋರು ನೀವೇ ಅಲ್ವೇನ್ರೀ?" ಅಷ್ಟೇ ಅಂದು, ಅವಳು ಬಗ್ಗಿ ಸೊಪ್ಪು ಆಯತೊಡಗಿದಳು.

ಮಂಡಿ ಒರೆಸಿಕೊಂಡು ಎದ್ದ ಸೊಪ್ಪಿನವನು ನನ್ನ ಕಡೆ ನೋಡಲೂ ಇಲ್ಲ. "ಅಕ್ಕಾ, ಇಂತೋರ್ ಜೊತೆ ಉಸಾರಾಗಿರಿ" ಅಂದ.

ಮನೆಯವರೆಗೂ ಪ್ರತಿ ತಿರುವಿನಲ್ಲೂ ಅವಳೇ ಕೈ ಚಾಚಿದಳು. ನೋಡೋಕೆ ಚೆನ್ನಾಗಿಲ್ಲದ್ದು ನನ್ನ ಮುಖವೊಂದೇ.