ಏಳೆಂದರೆ ಆರು

ಅಶೋಕಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಹಿರಿಯ ಕ್ಯಾಡಿ ನಮ್ಮ ಗಾಲ್ಫ್ ಕೋಲುಗಳ ಚೀಲ ಹೊರುತ್ತಿದ್ದರು. ಪ್ರತಿ ಹೊಡೆತಕ್ಕೂ ಮೊದಲು ಒಂದೆಸಳು ಹುಲ್ಲು ಕಿತ್ತು ತೂರಿ, "ಗಾಳೀನ ಒಸಿ ಕೇಳಿ ಸ್ವಾಮಿ" ಎನ್ನುವರು.

ನನ್ನ ಜೊತೆ ಆಡುತ್ತಿದ್ದ ನಿವೃತ್ತ ಇಂಜಿನಿಯರರು ಯಾರನ್ನೂ ಕೇಳುವವರಲ್ಲ. ಬೇಸಿಗೆಯಲ್ಲಿ ಏಳನೇ ನಂಬರ್ ಕೋಲಿನಿಂದ ಮೈದಾನದ ನೀರಿನ ಹೊಂಡ ದಾಟಿಸುತ್ತಿದ್ದವರು, ಡಿಸೆಂಬರಿನ ಮುಂಜಾನೆಯೂ ಅದನ್ನೇ ಹಿಡಿದರು.

"ಚಳೀಲಿ ಗಾಳಿ ಗಟ್ಟಿಯಾಗಿರ್ತದೆ, ಚೆಂಡು ಓಗಾಕಿಲ್ಲ. ಆರನೇದು ತಕ್ಕಳಿ, ಅದು ದೂರ ಓಯ್ತದೆ," ಎಂದರು ಕ್ಯಾಡಿ.

"ನನಗೇ ಪಾಠ ಹೇಳ್ತೀಯೇನಯ್ಯಾ?" ಎಂದು ಇಂಜಿನಿಯರರು ಬೀಸಿದರು. ಚೆಂಡು ನೀರಿಗೆ ಬಿತ್ತು. "ನಿನ್ನ ಅಪಶಕುನದ ಬಾಯಿಂದಲೇ ಹಿಂಗಾಯ್ತು. ಇನ್ನೊಂದ್ಸಲ ತುಟಿ ಬಿಚ್ಚಿದ್ರೆ ಬೇರೆ ಕ್ಯಾಡಿ ನೋಡ್ಕೋತೀನಿ!"

ಮರುವಾರ ಚಳಿ ಇನ್ನೂ ಹೆಚ್ಚಿತ್ತು. ಇಂಜಿನಿಯರರು "ಏಳು" ಎಂದು ಕೈಚಾಚಿದರು. ಕನ್ನಡಕವಿಲ್ಲದೆ ಅವರಿಗೆ ಕೋಲಿನ ನಂಬರು ಕಾಣುತ್ತಿರಲಿಲ್ಲ. ಕ್ಯಾಡಿ ಆರನೆಯದನ್ನು ಕೊಟ್ಟಿದ್ದನ್ನು ನಾನೊಬ್ಬನೇ ನೋಡಿದೆ. ಚೆಂಡು ಹೊಂಡ ದಾಟಿ ಗುರಿಯ ಬಾವುಟದ ಪಕ್ಕ ನಿಂತಿತು.

"ನೋಡಿದೆಯಾ? ಅದೇ ಏಳು! ಚಳಿಯಂತೆ, ಗಟ್ಟಿ ಗಾಳಿಯಂತೆ!"

"ಊಂ ಸ್ವಾಮಿ, ನಂದೇ ತಪ್ಪು," ಎಂದು ಕ್ಯಾಡಿ ಕೋಲು ಒರೆಸಿ ಚೀಲಕ್ಕಿಳಿಸಿದರು.

ಆ ಚಳಿಗಾಲವಿಡೀ ಇಂಜಿನಿಯರರ ಚೆಂಡು ನೀರಿಗೆ ಬೀಳಲಿಲ್ಲ. ಹವೆಗೂ ಆಟಕ್ಕೂ ಸಂಬಂಧವೇ ಇಲ್ಲವೆಂದು ಅವರು ಸಿಕ್ಕವರಿಗೆಲ್ಲ ವಿವರಿಸುವಾಗ, ಕ್ಯಾಡಿ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದರು.