ಮುಳ್ಳುಹಂದಿಯ ಅಭಿಪ್ರಾಯ

ಊರಿನ ಹನ್ನೊಂದು ಸರ್ಕಲ್‌ಗಳ ಕೆಂಪು, ಹಳದಿ, ಹಸಿರು ದೀಪಗಳನ್ನು ನಡೆಸುವ ಕಂಪ್ಯೂಟರ್ ಸಾರಿಗೆ ಕಚೇರಿಯ ನೆಲಮಾಳಿಗೆಯಲ್ಲಿತ್ತು. ಇಪ್ಪತ್ತಾರು ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದ ಆಪರೇಟರ್‌ಗೆ, ಅದನ್ನು ಯಾರಾದರೂ ಹಳೆಯದು ಎಂದರೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಹಳೇದೇನ್ರೀ? ಫ್ಯಾನ್ ಹೋದ ವರ್ಷ ಹಾಕಿದ್ದು, ಕೀಬೋರ್ಡ್ ಮೂರನೇದು" ಎನ್ನುತ್ತಿದ್ದ. ಬಾಗಿಲು ಪೂರ್ತಿ ಮುಚ್ಚಿದರೆ ಅದು ಬಿಸಿಯಾಗಿ ಮುನಿಸಿಕೊಳ್ಳುತ್ತಿತ್ತು. ಅದಕ್ಕೇ ಬಾಗಿಲ ಸಂದಿಗೆ ತನ್ನ ಹಳೆಯ ಷೂ ಒಂದನ್ನು ಸಿಕ್ಕಿಸಿದ್ದ. ಒಳಗಿನ ಒಂದು ಕಾರ್ಡ್ ಸಡಿಲವಾಗಿದ್ದರಿಂದ ಮರದ ಅಡಿಪಟ್ಟಿಯೊಂದು ಅದನ್ನು ಒತ್ತಿ ಹಿಡಿದಿತ್ತು. ಆ ಅಡಿಪಟ್ಟಿಯನ್ನು ಮುಟ್ಟುವ ಅಧಿಕಾರ ಅವನೊಬ್ಬನಿಗೇ. ಅವನಿಗೆ ನೆಗಡಿಯಾದರೆ ಆಸ್ಪತ್ರೆ ಸರ್ಕಲ್‌ನಲ್ಲಿ ನಾಲ್ಕು ಕಡೆಗೂ ಹಸಿರು ಬೀಳುತ್ತದೆ ಎಂದು ಕಚೇರಿಯವರು ಆಡಿಕೊಳ್ಳುತ್ತಿದ್ದರು. ಎರಡು ಸಲ ಬಿದ್ದೂ ಇತ್ತು.

ಕಚೇರಿಯಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಆದರೆ ‘ಕಂಪ್ಯೂಟರ್ ಕಟ್ಟೆ’ಯಲ್ಲಿ ಅವನದೇ ದರ್ಬಾರು. ಕಂಪ್ಯೂಟರ್ ಹುಚ್ಚಿನವರೆಲ್ಲ ಸೇರಿ ಅಂದಂದಿನ ತಂತ್ರಜ್ಞಾನದ ಸುದ್ದಿಯನ್ನು ಹಾಕಿ, ಅದರ ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದು ಚರ್ಚಿಸುವ ಆನ್‌ಲೈನ್ ತಾಣ ಅದು. ಅಲ್ಲಿ ಅವನ ಹೆಸರು ಮುಳ್ಳುಹಂದಿ. ಈ ಮುಳ್ಳುಹಂದಿ ಯಾರು, ಏನು ಕೆಲಸ ಮಾಡುತ್ತಾನೆ ಎಂಬುದು ಅಲ್ಲಿನ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಯಾವುದೋ ದೊಡ್ಡ ಸಂಶೋಧನಾಲಯದ ಮುಖ್ಯಸ್ಥನಿರಬೇಕು ಎಂದು ಬಹಳ ಜನ ನಂಬಿದ್ದರು, ಅವನೂ ಅಲ್ಲ ಎಂದಿರಲಿಲ್ಲ.

ಹದಿನೈದು ವರ್ಷಗಳಲ್ಲಿ ಅವನು ಒಂದೇ ಒಂದು ಸುದ್ದಿಯನ್ನೂ ತೆರೆದು ಓದಿರಲಿಲ್ಲ. ತಲೆಬರಹ ನೋಡುವುದು, ಮೂರು ಸಾಲು ಕುಟ್ಟುವುದು, ಅಷ್ಟೇ. ಓದಿದರೆ ಅಭಿಪ್ರಾಯ ಕೆಟ್ಟುಹೋಗುತ್ತದೆ ಎಂಬುದು ಅವನ ವಾದ. ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವವಳು. ಇಂಥವಳ ಜೊತೆ ಇಂಥವನು ಹೇಗೆ ಬಾಳಿದನೋ, ದೇವರೇ ಬಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ ಕಟ್ಟೆಗೆ ಹೊಸ ಸುದ್ದಿಯೊಂದು ಬಂತು. ‘ಒಬ್ಬನೇ ಮನುಷ್ಯನ ಕೈಯಲ್ಲಿ ಇಡೀ ಊರಿನ ಸೇವೆ: ಒಂದು ಹಳೆಯ ಕಂಪ್ಯೂಟರಿನ ಕಥೆ.’ ಯಾವ ಊರಿನ ಯಾವ ದಡ್ಡನೋ ಎಂದುಕೊಂಡು ಮುಳ್ಳುಹಂದಿ ಮುಳ್ಳು ಕೆದರಿದ. "ಒಬ್ಬನನ್ನೇ ನಂಬಿ ನಿಂತಿದ್ದನ್ನು ವ್ಯವಸ್ಥೆ ಅನ್ನುವುದಿಲ್ಲ, ಅದೃಷ್ಟ ಅನ್ನುತ್ತಾರೆ. ಯಂತ್ರವನ್ನು ಗುಜರಿಗೆ ಹಾಕಿ. ಅದಕ್ಕೂ ಮುಂಚೆ ಆ ಮನುಷ್ಯನನ್ನು ಬೇರೆ ಕಡೆ ಕೂರಿಸಿ, ಇಲ್ಲದಿದ್ದರೆ ಅದನ್ನು ತಬ್ಬಿಕೊಂಡು ಕೂರುತ್ತಾನೆ." ಸಂಜೆಯೊಳಗೆ ಒಂಬೈನೂರ ಹನ್ನೆರಡು ಜನ ಮೆಚ್ಚಿದರು. ಹದಿನೈದು ವರ್ಷಗಳಲ್ಲೇ ಅಷ್ಟು ಮೆಚ್ಚುಗೆ ಅವನಿಗೆ ಸಿಕ್ಕಿರಲಿಲ್ಲ. ಅವನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋದ.

ಮರುದಿನ ಮುಖ್ಯ ಇಂಜಿನಿಯರ್ ಅವನನ್ನು ಕರೆಸಿದರು. ಮೇಜಿನ ಮೇಲೆ ಆ ಮೂರು ಸಾಲುಗಳು ದೊಡ್ಡ ಅಕ್ಷರಗಳಲ್ಲಿ ಪ್ರಿಂಟಾಗಿ ಬಿದ್ದಿದ್ದವು.

"ಏನ್ರೀ, ನಿಮ್ಮ ಮಾನ ಹರಾಜಾಗಿದೆ, ನೋಡಿದ್ರಾ?"

"ನಂದಾ ಸಾರ್?"

"ಮತ್ತೆ ನಂದಾ? ಎರಡು ತಿಂಗಳ ಹಿಂದೆ ವರದಿಗಾರ್ತಿ ಬಂದಿದ್ದಳಲ್ಲ, ಆ ಲೇಖನ ಅವಳು ಬರೆದಿರೋದು. ನಿಮ್ಮ ಬಗ್ಗೆನೇ. ಮುಳ್ಳುಹಂದಿ ಅಂತ ದೊಡ್ಡ ತಜ್ಞರಂತೆ, ಅವರೇ ಹೀಗೆ ಹೇಳಿದ ಮೇಲೆ ನಾನೇನು ಮಾಡ್ಲಿ? ಸೋಮವಾರ ಹತ್ತು ಗಂಟೆಗೆ ನಿಮ್ಮ ಮೆಷೀನ್ ಬಂದ್, ಹೊಸದು ಶುರು. ನೀವು ಮೇಲೆ, ಕಳೆದುಹೋದ ವಸ್ತುಗಳ ವಿಭಾಗಕ್ಕೆ."

ಬಸ್ಸಿನಲ್ಲಿ ಜನ ಮರೆತುಹೋದ ಕೊಡೆಗಳನ್ನು ಬಣ್ಣದ ಪ್ರಕಾರ ಜೋಡಿಸುವ ವಿಭಾಗ ಅದು. ಇಪ್ಪತ್ತಾರು ವರ್ಷ ಆ ಯಂತ್ರದ ಒಂದೊಂದು ಕೆಮ್ಮನ್ನೂ ಕೇಳಿ ಗುರುತಿಸಿದವನು ಅವನು. ಮುಳ್ಳುಹಂದಿ ನಾನೇ ಎಂದರೆ ಯಂತ್ರ ಉಳಿಯಬಹುದು, ಆದರೆ ಹದಿನೈದು ವರ್ಷದ ಹೆಸರು ಮಣ್ಣುಪಾಲು. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಯಂತ್ರ ಹೋಗುತ್ತದೆ. ಅವನು ಬೆವರು ಒರೆಸಿಕೊಂಡ.

"ಸಾರ್, ಆ ಮುಳ್ಳುಹಂದಿ ನಾನೇ. ಓದದೇ ಬರೆದುಬಿಟ್ಟೆ."

ಇಂಜಿನಿಯರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವಾ? ಹಾಗಾದ್ರೆ ಅಲ್ಲೇ ಬರೀರಿ, ಮಾತು ವಾಪಸ್ ತಗೊಂಡಿದ್ದೀನಿ ಅಂತ. ಜನ ಒಪ್ಪಿದ್ರೆ ಆದೇಶ ತಡೀತೀನಿ."

ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಈಗಾದ್ರೂ ಆ ಲೇಖನ ಓದಿದ್ರಾ?"

"ಓದೋಕೇನಿದೆಯೇ ಅದರಲ್ಲಿ? ನನ್ನ ಬಗ್ಗೆ ತಾನೇ? ನಂಗೆ ಗೊತ್ತಿಲ್ಲದ್ದಾ?"

"ನಿಮ್ಮ ಹಣೆಬರಹ" ಎಂದು ಅವಳು ಸೊಪ್ಪು ಬಿಡಿಸಲು ಕೂತಳು.

ಅವನು ಕಟ್ಟೆಯಲ್ಲಿ ಬರೆದ. "ಎಲ್ಲರೂ ಕ್ಷಮಿಸಬೇಕು. ಸುದ್ದಿಯನ್ನು ಓದದೆ ಬರೆದೆ. ಆ ಆಪರೇಟರ್ ನಾನೇ. ಯಂತ್ರ ಚೆನ್ನಾಗಿದೆ." ಆಮೇಲೆ ಒಬ್ಬ ಬರೆದ, "ಅಯ್ಯೋ, ಮುಳ್ಳುಹಂದಿಯವರ ಖಾತೆಯನ್ನು ಯಾರೋ ಕದ್ದಿದ್ದಾರೆ!" ಇನ್ನೊಬ್ಬ, "ಓದದೆ ಬರೆಯುವವರಾ ಅವರು? ಈ ಕಳ್ಳನಿಗೆ ಅವರ ಯೋಗ್ಯತೆ ಏನು ಗೊತ್ತು!" ನಾನ್ನೂರು ಜನ ಹೌದು ಹೌದು ಎಂದರು. ಅವನು ಎಷ್ಟು ಅಂಗಲಾಚಿದನೋ ಅಷ್ಟೂ ಅನುಮಾನ ಗಟ್ಟಿಯಾಯಿತು. ಕೊನೆಗೆ ತಾಣದ ಮೇಲ್ವಿಚಾರಕ ಖಾತೆಗೆ ಬೀಗ ಹಾಕಿ ಒಂದು ಪತ್ರ ಕಳಿಸಿದ. "ಮುಳ್ಳುಹಂದಿ ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಕ್ಷಮೆ ಕೇಳಿದವರಲ್ಲ. ನೀವು ಮೊದಲ ಸಾಲಿನಲ್ಲೇ ಕೇಳಿದಿರಿ. ನೀವು ಅವರಲ್ಲ. ಅವರ ಕೊನೆಯ ಅಭಿಪ್ರಾಯವನ್ನು ಗೌರವದಿಂದ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ."

ಶನಿವಾರ ಇಂಜಿನಿಯರ್ ತಾವೇ ಪರದೆಯನ್ನು ಅವನ ಕಡೆ ತಿರುಗಿಸಿದರು. "ಇಲ್ನೋಡಿ, ನೀವು ಮುಳ್ಳುಹಂದಿ ಅಲ್ಲವಂತೆ. ನಾನ್ನೂರು ಜನ ಹೇಳ್ತಿದ್ದಾರೆ."

"ಸಾರ್, ನಾನು ನಿಮ್ಮ ಕಣ್ಣೆದುರಿಗೇ ನಿಂತಿದ್ದೀನಲ್ಲ!"

"ನೀವು ಒಬ್ಬರು ಕಣ್ರೀ."

"ಆ ಲೇಖನನಾದ್ರೂ ಒಂದ್ಸಲ ಓದಿ ಸಾರ್."

"ಅದರಲ್ಲಿ ಏನಿದೆ? ನೀವು ಈಗಾದ್ರೂ ಓದಿರ್ತೀರಲ್ಲ, ಹೇಳಿ."

ಓದಿದ್ದರೆ ತಾನೇ ಹೇಳುವುದು? ಅವನು ನಾಚಿಕೆಯಿಂದ ಹೊರಗೆ ನಡೆದ.

ಸೋಮವಾರ ಒಂಬತ್ತಕ್ಕೇ ನೆಲಮಾಳಿಗೆಗೆ ಇಳಿದು, ಯಂತ್ರದ ಎದುರು ಕುರ್ಚಿ ಎಳೆದುಕೊಂಡು, ಜೀವನದಲ್ಲಿ ಮೊದಲ ಸಲ ಒಂದು ಸುದ್ದಿಯನ್ನು ತೆರೆದು ಓದತೊಡಗಿದ. ಅಭ್ಯಾಸವಿಲ್ಲದ್ದರಿಂದ ಎರಡನೇ ಪ್ಯಾರಾದಲ್ಲೇ ಸುಸ್ತಾಯಿತು, ಆದರೂ ಬಿಡಲಿಲ್ಲ. ಹುಡುಗಿ ಚೆನ್ನಾಗಿ ಬರೆದಿದ್ದಳು. ಅವನ ಕೆಲಸವನ್ನು ಅಷ್ಟು ಅಕ್ಕರೆಯಿಂದ ಬೇರೆ ಯಾರೂ ನೋಡಿರಲಿಲ್ಲ. ಮುಂಜಾನೆ ಶಾಲೆ ಸರ್ಕಲ್‌ನಲ್ಲಿ ಮಕ್ಕಳು ದಾಟಲೆಂದು ಅವನು ಕೆಂಪು ದೀಪಕ್ಕೆ ಕದ್ದು ಸೇರಿಸಿದ್ದ ಏಳು ಸೆಕೆಂಡುಗಳನ್ನೂ ಅವಳು ಕಂಡುಹಿಡಿದಿದ್ದಳು. ಹೊಸ ಯಂತ್ರದಲ್ಲಿ ಆ ಏಳು ಸೆಕೆಂಡು ಇರುತ್ತದೋ ಇಲ್ಲವೋ ಎಂದು ಅವನಿಗೆ ಸಂಕಟವಾಯಿತು.

ಕೊನೆಯ ಪ್ಯಾರಾದಲ್ಲಿ ಅವಳ ಪ್ರಶ್ನೆ ಇತ್ತು. ನಾಳೆ ಇದನ್ನು ತೆಗೆದುಹಾಕುತ್ತೇವೆ ಎಂದರೆ ಏನು ಮಾಡುತ್ತೀರಿ? ಅದಕ್ಕೆ ಆಪರೇಟರ್ ಜೋರಾಗಿ ನಕ್ಕರು ಎಂದು ಬರೆದು, ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ಹಾಕಿದ್ದಳು.

"ಹಾಗೆಲ್ಲ ತೆಗೆಯೋಕಾಗಲ್ಲಮ್ಮ. ನಮ್ಮ ಕಟ್ಟೆಯವರು ಬಿಡ್ತಾರಾ? ಸಾವಿರ ಜನ ಇದ್ದಾರೆ, ಯಂತ್ರ ಅಂದ್ರೆ ಏನು ಅಂತ ಗೊತ್ತಿರೋರು. ಅದರಲ್ಲೂ ಮುಳ್ಳುಹಂದಿ ಅಂತ ಒಬ್ಬ ಇದ್ದಾನೆ. ನನ್ನ ಪರವಾಗಿ ಅವನೊಬ್ಬ ಮೂರು ಸಾಲು ಬರೆದ್ರೆ ಸಾಕು."

ಅವನು ಅದನ್ನು ಎರಡು ಸಲ ಓದಿದ. ಕಣ್ಣು ತುಂಬಿ ಬಂತು, ತಡೆಯಲು ಹೋಗಲಿಲ್ಲ. ಅಷ್ಟರಲ್ಲಿ ಹತ್ತಾಯಿತು. ಇಂಜಿನಿಯರ್ ಇಬ್ಬರು ಕೆಲಸಗಾರರನ್ನು ಕರೆದುಕೊಂಡು ಇಳಿದು ಬಂದರು.

"ಆಫ್ ಮಾಡೋರು ಯಾರು?" ಎಂದು ಕೆಲಸಗಾರರಲ್ಲೊಬ್ಬ ಕೇಳಿದ.

"ನಾನೇ" ಎಂದು ಅವನು ಎದ್ದ.